ಒಂದು ಮೊಳದ ಮಾತು

ಮಾನ್ಯರೇ,

ಅತಿ ಉದ್ದದ ಪದಗಳನ್ನು ಕುರಿತು ಹೇಳುವ ‘ಸೆಸ್ಕ್ವಿಪಿಡೇಲಿಯನ್’ ಎಂಬ ಅಪರೂಪದ ಇಂಗ್ಲಿಷ್ ವಿಶೇಷಣದ ಅರ್ಥ ಮತ್ತು ಹುಟ್ಟನ್ನು ಕುರಿತ ನಿಮ್ಮ ಲೇಖನ ತಲುಪಿತು. ವಿಷಯ ಹೊಸದು, ಕಾಗುಣಿತ ಶುದ್ಧವಾಗಿದೆ, ಸಂತೋಷ. ಆದರೆ ಅದರ ಎರಡನೆಯ ಪ್ಯಾರಾ ನನ್ನನ್ನು ಎರಡು ದಿನ ಕೆಣಕಿದ್ದರಿಂದ ಅದೊಂದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲ ವಾಕ್ಯದಲ್ಲಿ ‘ಸೆಸ್ಕ್ವಿ ಎಂದರೆ ಆರು, ಆದ್ದರಿಂದ ಇದು ಆರಡಿ ಉದ್ದದ ಪದ’ ಎಂದಿದ್ದೀರಿ. ಲ್ಯಾಟಿನ್ನಿನಲ್ಲಿ ಆರಕ್ಕೆ ‘ಸೆಕ್ಸ್’ ಎನ್ನುವುದು ನಿಜ. ಸದ್ದು ಹತ್ತಿರವಿದೆಯೆಂದು ನೆಂಟಸ್ತನ ಬೆಳೆಸುವುದು ತಪ್ಪು. ‘ಸೆಮಿಸ್’ ಎಂದರೆ ಅರ್ಧ; ‘ಕ್ವೆ’ ಎಂಬುದು ನಮ್ಮ ‘ಊ’ಕಾರದಂತೆ ಪದದ ಬಾಲಕ್ಕೆ ಅಂಟುವ ‘ಮತ್ತು’; ಎರಡೂ ಕೂಡಿ, ಸವೆದು, ಒಂದೂವರೆ ಎಂಬ ಅರ್ಥದ ‘ಸೆಸ್ಕ್ವಿ’ ಆಯಿತು. ‘ಪೆಸ್’ ಎಂದರೆ ಪಾದ. ರೋಮನ್ನರ ಲೆಕ್ಕದಲ್ಲಿ ಒಂದೂವರೆ ಪಾದವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆ, ಅಂದರೆ ಹೂವಾಡಗಿತ್ತಿ ಮಲ್ಲಿಗೆ ಅಳೆದು ಕೊಡುವ ನಮ್ಮ ಮೊಳ. ‘ಮೊಳದುದ್ದದ’ ಎಂಬ ಮಾತು ಬಾಯಲ್ಲೇ ಇರುವಾಗ ‘ಷಟ್ಪಾದಪರಿಮಿತದೀರ್ಘಶಬ್ದಾತ್ಮಕ’ ಎಂದು ಅನುವಾದಿಸಿದ್ದೀರಲ್ಲ, ಅದನ್ನು ಓದುವಾಗ ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು.

ಮೂರನೆಯ ವಾಕ್ಯದ ಪ್ರಕಾರ ರೋಮನ್ ಕವಿ ಹೊರೇಸ್ ಉದ್ದ ಪದಗಳನ್ನೆಲ್ಲ ನಿಷೇಧಿಸಿದ. ಅವನು ಹಾಗೆ ಹೇಳಿಲ್ಲ. ಕಾವ್ಯಕಲೆಯನ್ನು ಕುರಿತ ತನ್ನ ಪದ್ಯ ‘ಆರ್ಸ್ ಪೊಯೆಟಿಕಾ’ದ 97ನೇ ಸಾಲಿನ ಸುತ್ತ ಅವನು ಹೇಳುವುದಿಷ್ಟು: ದುರಂತ ನಾಟಕದಲ್ಲಿ ಗ್ರೀಕ್ ಪುರಾಣದ ರಾಜರಾದ ಟೆಲಿಫಸ್, ಪೀಲ್ಯೂಸರಂಥವರು ಬಡವರಾಗಿ, ದೇಶಭ್ರಷ್ಟರಾಗಿ ಅಳುವಾಗ, ನೋಡುವವರ ಎದೆ ಮುಟ್ಟಬೇಕೆಂದಿದ್ದರೆ, ಉಬ್ಬಿದ ಮಾತುಗಳನ್ನೂ ಮೊಳದುದ್ದದ ಪದಗಳನ್ನೂ ಎಸೆದುಬಿಡುತ್ತಾರೆ. ಸಂದರ್ಭ ಬಿಟ್ಟು ಸಾಲನ್ನು ಕಿತ್ತುಕೊಂಡರೆ ಕವಿಯ ನಾಟಕಪ್ರಜ್ಞೆ ವ್ಯಾಕರಣದ ಮೇಷ್ಟರ ಬೆತ್ತವಾಗಿಬಿಡುತ್ತದೆ.

ಉದ್ದುದ್ದ ಪದ ಹೊಸೆಯುವ ಈ ಚಟ ನನಗೂ ಇತ್ತು. ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ್ದ ಹೊಸತು, ಅಚ್ಚುಮೊಳೆಯ ಕಾಲ. ನನ್ನ ಚಿಕ್ಕ ಟಿಪ್ಪಣಿಯೊಂದರಲ್ಲಿ ‘ಜನಮಾನಸಾಂತರ್ಗತಭಾವಸಂಘರ್ಷಪ್ರಕ್ರಿಯೆ’ ಎಂದು ಬರೆದಿದ್ದೆ. ಕಾಲಮಿನ ಅಗಲಕ್ಕೆ ಆ ಪದ ಹಿಡಿಯದೆ, ಮೊಳೆ ಜೋಡಿಸುವ ಹಿರಿಯರು, ಸಾಲಿನ ಮೊಳೆಗಳನ್ನು ಹಿಡಿದಿಡುವ ಸ್ಟಿಕ್ಕನ್ನೇ ನನ್ನ ಮೇಜಿಗೆ ತಂದು, ‘ಇದನ್ನ ಎಲ್ಲಿ ಮುರೀಲಿ ಸ್ವಾಮಿ?’ ಎಂದರು. ಎಲ್ಲಿ ಮುರಿಯಬೇಕೆಂದು ನನಗೆ ತಿಳಿಯಲಿಲ್ಲ, ಏಕೆಂದರೆ ಅದರ ಅರ್ಥವೇ ನನಗೆ ಸರಿಯಾಗಿ ತಿಳಿದಿರಲಿಲ್ಲ. ಅವರು ಮಸಿ ಹತ್ತಿದ ಕೈಯಲ್ಲಿ ಸ್ಟಿಕ್ಕು ಹಿಡಿದು ನಿಂತೇ ಇದ್ದರು. ಕೊನೆಗೆ ‘ಜನರ ಮನಸ್ಸಿನ ತಳಮಳ’ ಎಂದು ಬರೆದುಕೊಟ್ಟೆ. ಅರ್ಧ ಸಾಲಿನಲ್ಲಿ ಮುಗಿಯಿತು.

ಎರಡನೆಯ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆದು ಕಳುಹಿಸಿ. ಆರು ಹೋಗಿ ಒಂದೂವರೆ ಬರಲಿ, ಟೆಲಿಫಸ್ ಬರಲಿ, ಮೊಳ ಬರಲಿ.

ಇತಿ,
ಸಂಪಾದಕ