ಹೆಂಡತಿ ಜೊತೆ ಓಡಿ, ಗೆಳೆಯರನ್ನು ಬಿಟ್ಟುಬಿಡಿ

ನೀವು ಕಿಲೋಮೀಟರಿಗೆ 7 ನಿಮಿಷ, ನಿಮ್ಮ ಹೆಂಡತಿ 8 ನಿಮಿಷ, ಗೆಳೆಯರಿಬ್ಬರು ಇನ್ನೂ ಜೋರು. ಮೊದಲ ಹಾಫ್ ಮ್ಯಾರಥಾನನ್ನು ನಾಲ್ವರೂ ಒಟ್ಟಿಗೆ ಓಡಬಹುದಾ ಅಂತ ಕೇಳಿದ್ದೀರಿ. ನಾಲ್ವರೂ ಬೇಡ. ನೀವಿಬ್ಬರು ಓಡಿ, ಅದೂ ನಿಮ್ಮ ಹೆಂಡತಿಯ ವೇಗದಲ್ಲಿ.

ಒಂದು ನಿಮಿಷ ತಾನೇ ಅನ್ನಿಸುತ್ತದೆ, ಅಲ್ವಾ? 21.1 ಕಿಲೋಮೀಟರಿಗೆ ಅದೇ 21 ನಿಮಿಷ. ನೀವು ನಿಧಾನ ಮಾಡಿದರೆ ನಿಮಗೇನೂ ಆಗುವುದಿಲ್ಲ. ಅವರು ನಿಮ್ಮ ವೇಗಕ್ಕೆ ಓಡಲು ಹೋದರೆ ಕೊನೆಯ ಐದಾರು ಕಿಲೋಮೀಟರ್ ಕಾಲೆಳೆದುಕೊಂಡೇ ಬರಬೇಕು.

ನನ್ನ ಗಂಡ ಮೊದಲ ಸಲ ಮಾಡಿದ್ದು ಹೇಳ್ತೀನಿ. ಹತ್ತು ಹೆಜ್ಜೆ ಮುಂದೆ ಹೋಗೋದು, ತಿರುಗಿ ನೋಡೋದು, ‘ಬಾ ಬಾ, ಇನ್ನೇನು ಬಂತು’ ಅನ್ನೋದು. ಬಂದಿದ್ದು ಬರೀ 16ನೇ ಕಿಲೋಮೀಟರ್! ಕೈಯಲ್ಲಿದ್ದ ನೀರಿನ ಲೋಟ ಅವರ ಬೆನ್ನಿಗೆ ಎಸೆಯೋಣ ಅನ್ನಿಸಿತ್ತು. ನೀವು ಪಕ್ಕದಲ್ಲೇ ಓಡಿ. ಅರ್ಧ ಹೆಜ್ಜೆ ಹಿಂದಿದ್ದರೆ ಇನ್ನೂ ಒಳ್ಳೆಯದು. ಏದುಸಿರು ಬರುವಾಗ ಸುಮ್ನೆ ಮಾತಾಡಿಸಬೇಡಿ.

ಗೆಳೆಯರ ಜೊತೆ ಕಬ್ಬನ್ ಪಾರ್ಕಿನಲ್ಲಿ ಭಾನುವಾರದ ಪ್ರಾಕ್ಟೀಸ್ ಮಾಡಿ, ಹರಟೆಗೆ ಅದೇ ಸರಿ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕಾಲು ಹಿಡಿದುಕೊಂಡರೆ ಇನ್ನೊಬ್ಬರು ನಿಲ್ಲಬೇಕಾ, ಮುಂದೆ ಹೋಗಬೇಕಾ ಅನ್ನೋದನ್ನು ಓಟದ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ಓಟ ಮುಗಿದ ಮೇಲೆ ನಾಲ್ವರೂ ಎಲ್ಲಿ ಸೇರೋದು ಅನ್ನೋದನ್ನೂ.