ಸಂತೆಯಲ್ಲಿ ಚೀನೀ ಭಾಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪತಿಯ ವ್ಯಾಪಾರದ ನಿಮಿತ್ತ ನಾವು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಯೀವೂ ನಗರದಲ್ಲಿ ನೆಲೆಸಿದ್ದೇವೆ. ಮೊಬೈಲ್ ಆ್ಯಪ್‌ನ ಪಾಠಗಳನ್ನೆಲ್ಲ ಮುಗಿಸಿದ್ದೇನೆ. ಆದರೂ ತರಕಾರಿ ಮಾರುಕಟ್ಟೆಯಲ್ಲಿ ನನ್ನ ಮಾತು ಅವರಿಗೆ ಅರ್ಥವಾಗುವುದಿಲ್ಲ, ಅವರು ಹೇಳುವ ಬೆಲೆ ನನಗೆ ತಿಳಿಯುವುದಿಲ್ಲ. ಏನು ಮಾಡಲಿ?
— ಗೃಹಿಣಿ, ಯೀವೂ

ಉತ್ತರ: ಆ್ಯಪ್ ನಿಮಗೆ ಪದಗಳನ್ನು ಕೊಟ್ಟಿದೆ, ಆದರೆ ಬಾಯಿಗೆ ಅಭ್ಯಾಸ ಕೊಟ್ಟಿಲ್ಲ. ಮೊದಲು ಸ್ವರವನ್ನು, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತವನ್ನು ಗಟ್ಟಿ ಮಾಡಿಕೊಳ್ಳಿ. ‘ಮಾಯ್’ ಎಂಬುದನ್ನು ತಗ್ಗಿದ ದನಿಯಲ್ಲಿ, ಅಂದರೆ ಮೂರನೆಯ ಸ್ವರದಲ್ಲಿ ಹೇಳಿದರೆ ಕೊಳ್ಳುವುದು. ಮೇಲಿನಿಂದ ಥಟ್ಟನೆ ಇಳಿಸಿ ನಾಲ್ಕನೆಯ ಸ್ವರದಲ್ಲಿ ಹೇಳಿದರೆ ಮಾರುವುದು. ಯೀವೂವಿನಂತಹ ದಕ್ಷಿಣದ ಊರುಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಅಲ್ಲಿ ಅನೇಕರು ‘ಷ’ಕಾರವನ್ನು ‘ಸ’ಕಾರದಂತೆಯೇ ಉಚ್ಚರಿಸುವುದರಿಂದ, ಹತ್ತಕ್ಕೂ (‘ಷಿ’) ನಾಲ್ಕಕ್ಕೂ (‘ಸಿ’) ಉಳಿಯುವ ವ್ಯತ್ಯಾಸ ದನಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದಷ್ಟೇ: ಏರಿದರೆ ಹತ್ತು, ಇಳಿದರೆ ನಾಲ್ಕು. ಆಗಲೂ ಅನುಮಾನವಿದ್ದರೆ ಅಂಗಡಿಯವರ ಕೈಯನ್ನು ನೋಡಿ. ಚೀನೀಯರು ಹತ್ತರವರೆಗಿನ ಸಂಖ್ಯೆಗಳನ್ನು ಒಂದೇ ಕೈಯಲ್ಲಿ ತೋರಿಸಬಲ್ಲರು; ಹೆಬ್ಬೆರಳು ಮತ್ತು ಕಿರುಬೆರಳನ್ನು ಮಾತ್ರ ಚಾಚಿದರೆ ಆರು, ಹೆಬ್ಬೆರಳು ಮತ್ತು ತೋರುಬೆರಳನ್ನು ಚಾಚಿದರೆ ಎಂಟು.

ಎರಡನೆಯದಾಗಿ, ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಬರವಣಿಗೆಯನ್ನು ಇಂಗ್ಲಿಷ್‌ನಂತೆ ಓದುವುದನ್ನು ಇಂದೇ ಬಿಡಿ. ಅದರಲ್ಲಿ ‘ಬಿ’, ‘ಡಿ’, ‘ಜಿ’ ಅಕ್ಷರಗಳು ನಮ್ಮ ಪ, ತ, ಕ ಧ್ವನಿಗಳಿಗೂ, ‘ಪಿ’, ‘ಟಿ’, ‘ಕೆ’ ಅಕ್ಷರಗಳು ನಮ್ಮ ಮಹಾಪ್ರಾಣಗಳಾದ ಫ, ಥ, ಖ ಧ್ವನಿಗಳಿಗೂ ಹತ್ತಿರ. ಹಾಗಾಗಿ ನಾವು ಬೀಜಿಂಗ್ ಎಂದು ಬರೆಯುವ ಊರು ಅವರ ಬಾಯಲ್ಲಿ ‘ಪೆಯ್‌ಚಿಂಗ್’ ಎಂಬಂತೆ ಕೇಳುತ್ತದೆ. ವರ್ಣಮಾಲೆಯಲ್ಲೇ ಈ ಭೇದವನ್ನು ಕಲಿತಿರುವ ನಮಗೆ ಇದು ದೊಡ್ಡ ಅನುಕೂಲ. ಆದರೆ ದಿನನಿತ್ಯದ ಮಾತಿನಲ್ಲಿ ನಾವು ಮಹಾಪ್ರಾಣವನ್ನು ಸಡಿಲ ಬಿಡುತ್ತೇವೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಥಾಯ್ ಕುಯ್ ಲ’, ಅಂದರೆ ‘ಬಹಳ ದುಬಾರಿಯಾಯಿತು’ ಎಂದು ಹೇಳಿ ನೋಡಿ. ‘ಥಾಯ್’ ಎನ್ನುವಾಗ ಉಸಿರು ಕೈಗೆ ಬಡಿಯಬೇಕು, ‘ಕುಯ್’ ಎನ್ನುವಾಗ ಬಡಿಯಬಾರದು. ಎರಡೂ ಪದಗಳಿಗೆ ಇಳಿಯುವ ಸ್ವರ.

ಇನ್ನು ಅಭ್ಯಾಸದ ಮಾತು. ಎಲ್ಲ ಅಂಗಡಿಗಳನ್ನೂ ಸುತ್ತುವ ಬದಲು, ಜನಸಂದಣಿ ಕಡಿಮೆ ಇರುವ ಹೊತ್ತಿನಲ್ಲಿ ಒಬ್ಬರೇ ವ್ಯಾಪಾರಿಯ ಬಳಿಗೆ ಪ್ರತಿದಿನ ಹೋಗಿ. ‘ಯೀ ಚಿನ್ ತುವೋಷಾವ್ ಛಿಯೆನ್?’ ಎಂದರೆ ‘ಒಂದು ಚಿನ್‌ಗೆ ಎಷ್ಟು?’ ಎಂದರ್ಥ. ಚಿನ್ ಎಂದರೆ ಅರ್ಧ ಕಿಲೋ. ಸಂತೆಯ ಬೆಲೆಯೆಲ್ಲ ಸಾಮಾನ್ಯವಾಗಿ ಈ ಲೆಕ್ಕದಲ್ಲೇ ಇರುತ್ತದೆ. ಹಣವನ್ನು ಬಾಯಿಮಾತಿನಲ್ಲಿ ಯುವಾನ್ ಎನ್ನುವುದಕ್ಕಿಂತ ‘ಖುವಾಯ್’ ಎನ್ನುವುದೇ ಹೆಚ್ಚು. ಅವರು ಹೇಳಿದ ಬೆಲೆಯನ್ನು ನೀವೂ ಗಟ್ಟಿಯಾಗಿ ಮರುನುಡಿಯಿರಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಏಕೆಂದರೆ ಹಣದ ವಿಷಯದಲ್ಲಿ ತಪ್ಪು ಕೇಳಿಸಿಕೊಳ್ಳುವುದು ಅವರಿಗೂ ಬೇಡ. ವಯಸ್ಸಾದ ವ್ಯಾಪಾರಿಗಳು ತಮ್ಮೊಳಗೆ ಊರಿನ ವೂ ಉಪಭಾಷೆಯಲ್ಲಿ ಮಾತನಾಡಿಕೊಳ್ಳುತ್ತಾರೆ. ಅದು ತಿಳಿಯಲಿಲ್ಲವೆಂದು ಎದೆಗುಂದಬೇಡಿ, ದೂರದ ಊರುಗಳಿಂದ ಬಂದ ಚೀನೀಯರಿಗೂ ಅದು ತಿಳಿಯುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬಿಡಿಭಾಗಗಳ ಖರೀದಿ ವಿಭಾಗದಲ್ಲಿದ್ದೇನೆ. ಚೀನಾದ ಸರಬರಾಜುದಾರರೊಡನೆ ಫೋನಿನಲ್ಲಿ ಮಾತನಾಡುವಾಗ ಇಂಗ್ಲಿಷ್‌ನಲ್ಲಿ ಯೋಚಿಸಿ ವಾಕ್ಯ ಕಟ್ಟುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.
— ಓದುಗ, ಬೆಂಗಳೂರು

ಉತ್ತರ: ಇಂಗ್ಲಿಷ್‌ನ ದಾರಿ ನಿಮಗೆ ಸುತ್ತಿನ ದಾರಿ. ‘ನಾನು ನಾಳೆ ಬೆಳಿಗ್ಗೆ ಕಚೇರಿಯಲ್ಲಿ ಮಾದರಿ ನೋಡುತ್ತೇನೆ’ ಎಂಬ ವಾಕ್ಯವನ್ನು ಚೀನೀ ಭಾಷೆಯಲ್ಲಿ ಹೇಳುವಾಗ ನಾನು, ನಾಳೆ, ಬೆಳಿಗ್ಗೆ, ಕಚೇರಿಯಲ್ಲಿ ಎಂಬ ಕ್ರಮ ಹಾಗೆಯೇ ಉಳಿಯುತ್ತದೆ. ‘ನೋಡು’ ಎಂಬ ಕ್ರಿಯೆ ಮಾತ್ರ ‘ಮಾದರಿ’ಗಿಂತ ಮುಂದೆ ಬರುತ್ತದೆ. ‘ನೀವು ಕಳುಹಿಸಿದ ಮಾದರಿ’ ಎಂಬಲ್ಲಿಯೂ ವಿವರಣೆ ಮೊದಲು, ವಸ್ತು ಆಮೇಲೆ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯಗಳ ಹಂಗಿಲ್ಲ. ಆದ್ದರಿಂದ ಕನ್ನಡದಿಂದ ನೇರವಾಗಿ ಹೊರಡಿ.

ಸುತ್ತಮುತ್ತ ಚೀನೀಯರಿಲ್ಲದಿದ್ದರೂ ಬಾಯಿ ಪಳಗಿಸಬಹುದು. ಅರ್ಧ ನಿಮಿಷದ ಸಂಭಾಷಣೆಯ ಧ್ವನಿಮುದ್ರಣವೊಂದನ್ನು ಆರಿಸಿಕೊಂಡು, ಅದು ನಡೆಯುತ್ತಿರುವಾಗಲೇ ಅದರ ಬೆನ್ನಿಗೆ ಅದೇ ಲಯದಲ್ಲಿ ನುಡಿಯಿರಿ. ಬಳಿಕ ನಿಮ್ಮ ದನಿಯನ್ನು ಮುದ್ರಿಸಿಕೊಂಡು ಹೋಲಿಸಿ. ಬಿಡಿಪದಗಳ ಬದಲು ಇಡೀ ವಾಕ್ಯಗಳನ್ನೇ ಬಾಯಿಪಾಠ ಮಾಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಾಕ್ಯದೊಳಗೆ ಸ್ವರಗಳು ಬದಲಾಗುತ್ತವೆ: ‘ನಿ ಹಾವ್’ ಎಂಬ ನಮಸ್ಕಾರದಲ್ಲಿ ಎರಡೂ ಮೂರನೆಯ ಸ್ವರಗಳೇ ಆದರೂ, ಒಟ್ಟಿಗೆ ಹೇಳುವಾಗ ‘ನಿ’ ಎರಡನೆಯ ಸ್ವರವಾಗಿ ಏರುತ್ತದೆ. ಬಿಡಿಬಿಡಿಯಾಗಿ ಕಲಿತವರಿಗೆ ಇದು ಕಿವಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ಮಾತು ಮಾತ್ರ ಸಾಕೆನ್ನುವವರೂ ಚೀನೀ ಲಿಪಿ ಕಲಿಯಬೇಕೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಆರಂಭಕ್ಕೆ ಬೇಕಿಲ್ಲ. 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್‌ನಲ್ಲಿ ಸ್ವರಚಿಹ್ನೆಗಳೂ ಇರುವುದರಿಂದ ಮೊದಲ ಕೆಲವು ತಿಂಗಳು ಅದು ಸಾಲುತ್ತದೆ. ಆದರೆ ವೀಚ್ಯಾಟ್‌ನಲ್ಲಿ ಗೆಳೆಯರಿಗೆ ಸಂದೇಶ ಬರೆಯುವಾಗ, ಪಿನ್‌ಯಿನ್ ಟೈಪ್ ಮಾಡಿದ ಮೇಲೆ ಒಂದೇ ಉಚ್ಚಾರದ ಹಲವು ಅಕ್ಷರಗಳ ನಡುವೆ ಸರಿಯಾದುದನ್ನು ಆರಿಸಬೇಕಾಗುತ್ತದೆ. ಆದ್ದರಿಂದ ನೀವು ಈಗಾಗಲೇ ಆಡಬಲ್ಲ ಮಾತುಗಳ ಅಕ್ಷರಗಳನ್ನು ಗುರುತಿಸಲು ಮಾತ್ರ ಕಲಿಯುತ್ತಾ ಬನ್ನಿ. ಕೈಯಲ್ಲಿ ಬರೆಯುವುದನ್ನು ಆಮೇಲೆ ನೋಡಿಕೊಳ್ಳಬಹುದು.