ಆಟದ ಜೊತೆಗೇ ಇರಬೇಕು, ಹೊಟ್ಟೆಪಾಡೂ ನಡೆಯಬೇಕು

ಪ್ರಶ್ನೆ: ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಫೆಲೋಶಿಪ್ ಮುಂದಿನ ವರ್ಷ ಮುಗಿಯುತ್ತದೆ. ನನ್ನ ಸೀನಿಯರ್‌ಗಳೆಲ್ಲ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಕೌನ್ಸೆಲಿಂಗ್ ಕಾಯುತ್ತಾ ಕೂತಿದ್ದಾರೆ. ನನಗೆ ಪಾಠ ಹೇಳುವುದಕ್ಕಿಂತ ಆಟ ನಡೆಯುವ ಕಡೆ ಇರುವುದೇ ಇಷ್ಟ. ಆದರೆ ನಾನು ಕುಣಿಯುವವಳಲ್ಲ, ಹಾಡುವವಳೂ ಅಲ್ಲ. ‘ಇಷ್ಟು ಓದಿ ಬಯಲಾಟದವರ ಹಿಂದೆ ತಿರುಗ್ತೀಯೇನು?’ ಎಂದು ಅಪ್ಪ ಕೇಳುತ್ತಾರೆ. ನನ್ನಂಥವರಿಗೆ ದಾರಿ ಇದೆಯೇ? ಗೈಡಿಗೆ ಇದನ್ನು ಹೇಗೆ ಹೇಳಲಿ?
- ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಇದೆ. ಆದರೆ ಅದಕ್ಕೆ ಪೇಪರಿನಲ್ಲಿ ಜಾಹೀರಾತು ಬರುವಂಥ ಒಂದು ಹುದ್ದೆ ಅಂತ ಇಲ್ಲ. ಅಪ್ಪನ ಕಣ್ಣಿಗೆ ಅದು ಬೀಳದಿರುವುದಕ್ಕೆ ಕಾರಣವೂ ಅದೇ.

ನಾನು ಮೊದಲು ರೆಪರ್ಟರಿಯೊಂದರ, ಅಂದರೆ ಕಾಯಂ ನಾಟಕ ತಂಡವೊಂದರ, ಆಡಳಿತ ನೋಡಿಕೊಂಡವಳು, ಆಮೇಲೆ ದಾಖಲೀಕರಣಕ್ಕೆ ಬಂದವಳು. ಎರಡೂ ಕಡೆ ಕಂಡದ್ದು ಒಂದೇ ಕೊರತೆ. ಒಳ್ಳೆಯ ಕಲಾವಿದರು ಸಿಗುತ್ತಾರೆ, ಓದಿಕೊಂಡ ಪ್ರಾಧ್ಯಾಪಕರೂ ಸಿಗುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಕೂತು, ಆಟ ಕಲಿಸುವ ಮಾಸ್ತರರ ಜೊತೆ ಮಾತಾಡಬಲ್ಲ, ಮರುದಿನ ಅದೇ ವಿಷಯವನ್ನು ಶಾಲಾ ಮಕ್ಕಳಿಗೋ ವಸ್ತುಸಂಗ್ರಹಾಲಯಕ್ಕೋ ಒಪ್ಪುವಂತೆ ಬರೆಯಬಲ್ಲ ಜನ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಕ್ಷೇತ್ರಕಾರ್ಯ ಮಾಡಿದ ನೀವು ಆ ಕೆಲಸದ ಅರ್ಧ ಕಲಿತೇ ಆಗಿದೆ.

ಉಳಿದರ್ಧಕ್ಕೆ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಹಾರ್ಡ್‌ಡಿಸ್ಕಿನಲ್ಲಿರುವ ಒಂದು ಆಟದ ರೆಕಾರ್ಡಿಂಗ್ ತೆಗೆಯಿರಿ. ಫೈಲಿನ ಹೆಸರು ಬರೀ ಅಂಕಿಗಳಲ್ಲಿದ್ದರೆ ಅದು ನಿಮಗಲ್ಲದೆ ಇನ್ಯಾರಿಗೂ ಉಪಯೋಗವಿಲ್ಲ. ಅದಕ್ಕೊಂದು ಹಾಳೆ ಮಾಡಿ. ಆಟದ ಹೆಸರು, ಊರು, ತಾರೀಖು. ಮಾಸ್ತರರು ಯಾರು, ಅವರಿಗೆ ಕಲಿಸಿದವರು ಯಾರು. ಮೃದಂಗ ಯಾರದು, ಹಿಮ್ಮೇಳದಲ್ಲಿ ಯಾರ‍್ಯಾರು. ಆಟವನ್ನು ಪರಿಚಯಿಸುವ ಸಾರಥಿಯ ಪಾತ್ರ ಮಾಡಿದವರು ಯಾರು. ಕೈಬರಹದ ಪ್ರತಿ ಯಾರ ಮನೆಯದು, ಅದರ ಮೇಲೆ ಯಾವ ವರ್ಷ ಬರೆದಿದೆ. ಎಷ್ಟನೇ ನಿಮಿಷಕ್ಕೆ ಗಣಪತಿ ಸ್ತುತಿ ಮುಗಿಯಿತು, ಎಷ್ಟನೇ ನಿಮಿಷಕ್ಕೆ ಸಾರಥಿ ಬಂದ, ಮೊದಲ ವೇಷದ ಪ್ರವೇಶ ಯಾವಾಗ. ಕಿರೀಟ, ಭುಜಕೀರ್ತಿ, ಎದೆಹಾರ ಮಾಡಿಕೊಟ್ಟವರು ಯಾವ ಊರಿನವರು. ಒಂದು ರಾತ್ರಿಯ ಆಟಕ್ಕೆ ಇಂಥ ಹಾಳೆ ಸಿದ್ಧ ಮಾಡಲು ಹಲವು ದಿನ ಹಿಡಿಯುತ್ತದೆ, ಬೇಸರವೂ ಬರುತ್ತದೆ. ಆದರೆ ಕೆಲಸ ಕೊಡುವವರಿಗೆ ಥೀಸಿಸ್ಸಿಗಿಂತ ಮೊದಲು ತೋರಿಸಬೇಕಾದದ್ದು ಇದನ್ನೇ. ರಾಮನಗರದ ಜಾನಪದ ಲೋಕ, ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದ ಮ್ಯಾಪ್ ವಸ್ತುಸಂಗ್ರಹಾಲಯ, ಇವೆಲ್ಲ ಸಂಗ್ರಹದ ಮೇಲೇ ನಿಂತ ಜಾಗಗಳು. ಕಾಯಂ ಹುದ್ದೆ ಕಡಿಮೆ, ಪ್ರಾಜೆಕ್ಟ್ ಕೆಲಸ ಹೆಚ್ಚು. ಹೋಗಿ, ಸಂಗ್ರಹ ನೋಡಿಕೊಳ್ಳುವವರನ್ನು ಕಂಡು, ಹಾಳೆ ಮುಂದಿಟ್ಟು ಮಾತಾಡಿ.

ಆ ಹಾಳೆಯಲ್ಲಿ ಒಪ್ಪಿಗೆಯ ಕಾಲಂ ಇರಲೇಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವವಳಲ್ಲ. ಥೀಸಿಸ್ಸಿಗಾಗಿ ಮಾಸ್ತರರು ಹಾಡಿದ್ದು ಒಂದು, ಅದನ್ನು ಯೂಟ್ಯೂಬಿಗೆ ಹಾಕುವುದು ಬೇರೆಯೇ. ಮತ್ತೆ ಹೋಗಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಕೇಳಿ ಬನ್ನಿ. ಪ್ರದರ್ಶನ ಮಾಡಿಸುವ ದಿನ ಬಂದರೆ ಬಜೆಟ್ಟಿನ ಮೊದಲ ಸಾಲಿನಲ್ಲಿ ಕಲಾವಿದರ ಸಂಭಾವನೆ ಬರೆಯಿರಿ, ಶಾಲು-ಹಾರ ಆಮೇಲೆ. ಹೀಗೆ ನಡೆದುಕೊಂಡವರಿಗೆ ಊರೂರಿನಲ್ಲಿ ಬಾಗಿಲು ತೆರೆದಿರುತ್ತದೆ.

ದುಡ್ಡಿನ ಮಾತಿಗೆ ಬರುತ್ತೇನೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1990ರ ದಶಕದಿಂದ ಕಲಾಸಂಶೋಧನೆಗೆ, ಕಲಾಪ್ರಯೋಗಕ್ಕೆ ಅನುದಾನ ಕೊಡುತ್ತಾ ಬಂದಿದೆ. ‘ಕಲಿ-ಕಲಿಸು’ ಎಂಬ ಅವರ ಯೋಜನೆ ಕರ್ನಾಟಕದ ಸರ್ಕಾರಿ ಶಾಲೆಗಳ ಜೊತೆಗೇ ಕೆಲಸ ಮಾಡುತ್ತದೆ, ನಿಮಗೆ ಸರಿಹೊಂದುವಂಥದ್ದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ 25ರಿಂದ 40 ವರ್ಷದವರಿಗೆ. ತಿಂಗಳಿಗೆ 10,000 ರೂಪಾಯಿಯಂತೆ 2 ವರ್ಷ. ಆ ಹಣ ತಿಂಗಳು ತಿಂಗಳು ಕೈಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮನೆ ಬಾಡಿಗೆಗೆ ಅದನ್ನೇ ನೆಚ್ಚಬೇಡಿ. ಬಯಲಾಟಕ್ಕೆಂದೇ ರಾಜ್ಯದಲ್ಲಿ ಪ್ರತ್ಯೇಕ ಅಕಾಡೆಮಿ ಇದೆ, ಬಾಗಲಕೋಟೆಯಲ್ಲಿ. ಅಲ್ಲಿನ ಪ್ರಕಟಣೆಗಳನ್ನು ಗಮನಿಸುತ್ತಿರಿ.

ಇನ್ನೊಂದು ಕೆಲಸವಿದೆ, ನನಗೆ ಬಲು ಪ್ರಿಯವಾದದ್ದು: ತಿರುಗಾಟದ, ಅಂದರೆ ಊರೂರು ಸುತ್ತುವ ತಂಡದ, ವ್ಯವಸ್ಥೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ‘ತಿರುಗಾಟ’ ಎಂಬ ನಾಟಕ ತಂಡ ಶುರುಮಾಡಿತು. ಸಾಣೇಹಳ್ಳಿಯಿಂದ ‘ಶಿವಸಂಚಾರ’ ನಾಟಕ ತಂಡ ಹೊರಡುತ್ತದೆ. ಇಂಥ ತಂಡ ಒಂದು ಊರಿಗೆ ಬರುವ ಮೊದಲು ಯಾರೋ ಒಬ್ಬರು ಆ ಊರಿನ ಸಂಘಟಕರಿಗೆ ಹತ್ತಾರು ಸಲ ಫೋನು ಮಾಡಿರುತ್ತಾರೆ. ರಂಗದ ಅಗಲ ಎಷ್ಟು, ತ್ರೀ ಫೇಸ್ ಕರೆಂಟ್ ಇದೆಯೇ, ಜನರೇಟರ್ ಬೇಕೇ, ಹೆಣ್ಣುಮಕ್ಕಳಿಗೆ ಉಳಿಯುವ ಜಾಗ ಎಲ್ಲಿ, ಅದಕ್ಕೆ ಚಿಲಕ ಇದೆಯೇ, ರಾತ್ರಿ ಆಟ ಮುಗಿದ ಮೇಲೆ ಊಟ ಯಾರ ಮನೆಯಲ್ಲಿ. ದೊಡ್ಡಾಟದ ಮೇಳವನ್ನು ಇಷ್ಟೇ ಕಾಳಜಿಯಿಂದ ಬೇರೆ ಜಿಲ್ಲೆಗೆ, ಕಾಲೇಜಿಗೆ, ಉತ್ಸವಕ್ಕೆ ಕರೆದೊಯ್ಯುವವರು ಎಷ್ಟು ಜನ ಇದ್ದಾರೆ? ಮೇಳದವರ ನಂಬಿಕೆ ಗಳಿಸಿರುವ ನಿಮಗೆ ಇದು ಹೊರಗಿನವರಿಗಿಂತ ಬೇಗ ಕೈಹತ್ತುತ್ತದೆ. ಒಂದು ಸೀಸನ್ ಯಾವುದಾದರೂ ತಂಡದ ವ್ಯವಸ್ಥಾಪಕರ ಜೊತೆ ಸಹಾಯಕಿಯಾಗಿ ಓಡಾಡಿ, ಲೆಕ್ಕ ಬರೆಯುವುದನ್ನು ಕಲಿಯಿರಿ.

ಅಪ್ಪನಿಗೆ ಏನು ಹೇಳುವುದು? ಇದ್ದದ್ದನ್ನೇ ಹೇಳಿ. ಮೊದಲ ಕೆಲವು ವರ್ಷ ಆದಾಯ ಒಂದೇ ಕಡೆಯಿಂದ ಬರುವುದಿಲ್ಲ. ಒಂದಿಷ್ಟು ಅನುದಾನ, ಒಂದಿಷ್ಟು ಬರಹ-ಅನುವಾದ, ಒಂದಿಷ್ಟು ಪಾಠ. ಅತಿಥಿ ಉಪನ್ಯಾಸಕಿ ಆಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿರದಿದ್ದರೆ ಫೆಲೋಶಿಪ್ ಮುಗಿಯುವುದರೊಳಗೆ ಬರೆದುಬಿಡಿ. ನೆಟ್‌ನಲ್ಲಿ ಜಾನಪದ ಸಾಹಿತ್ಯ ಪ್ರತ್ಯೇಕ ವಿಷಯವಾಗಿಯೇ ಇದೆ, ಪ್ರದರ್ಶನ ಕಲೆಗಳೂ ಇವೆ. ಮನೆಯವರಿಗೆ ಅಷ್ಟು ಧೈರ್ಯ ಕೊಡುವುದು ನ್ಯಾಯ. ಸಾಧ್ಯವಾದರೆ ಅಪ್ಪನನ್ನೇ ಒಂದು ರಾತ್ರಿ ಆಟಕ್ಕೆ ಕರೆದೊಯ್ದು, ನೀವು ಅಲ್ಲಿ ಮಾಡುವ ಕೆಲಸ ತೋರಿಸಿ.

ಗೈಡ್ ಬಳಿ ‘ಪ್ರಾಧ್ಯಾಪಕಿ ಆಗಲಾರೆ’ ಎಂದು ಮಾತು ಶುರುಮಾಡಬೇಡಿ. ಎರಡು ಸಹಾಯ ಕೇಳಿ. ಒಂದು, ಥೀಸಿಸ್ಸಿನ ಅನುಬಂಧವಾಗಿ ಆ ಹಾಳೆಗಳನ್ನು ಸೇರಿಸಲು ಒಪ್ಪಿಗೆ. ಎರಡು, ಅನುದಾನದ ಅರ್ಜಿಗೆ ಶಿಫಾರಸು ಪತ್ರ. ಎರಡೂ ಅವರ ವಿದ್ಯಾರ್ಥಿನಿಯ ಕೆಲಸಕ್ಕೆ ಬೆಲೆ ತರುವಂಥವು. ಬೇಡ ಎನ್ನುವುದು ಕಷ್ಟ.

ಪ್ರಶ್ನೆ: ಎಂ.ಎ. ಇತಿಹಾಸ ಮೊದಲ ವರ್ಷ. ನಾಟಕದ ಹುಚ್ಚು. ಓದು ಬಿಟ್ಟು ರಂಗಶಾಲೆ ಸೇರಲೇ?
- ಒಬ್ಬ ವಿದ್ಯಾರ್ಥಿ, ಮೈಸೂರು

ಉತ್ತರ: ಬಿಡಬೇಡಿ, ಇನ್ನೊಂದೇ ವರ್ಷದ ಮಾತು. ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಸಾಣೇಹಳ್ಳಿಯಲ್ಲೂ ನಿಮ್ಮೂರಿನ ರಂಗಾಯಣದಲ್ಲೂ ರಂಗತರಬೇತಿ ಇದೆ. ಅಲ್ಲಿಯವರೆಗೆ ಸಂಜೆ ರಂಗಾಯಣಕ್ಕೆ ಹೋಗಿ ನಾಟಕ ನೋಡಿ, ಹವ್ಯಾಸಿ ತಂಡವೊಂದರಲ್ಲಿ ರಂಗಸಜ್ಜಿಕೆಗೋ ಬೆಳಕಿಗೋ ಕೈಹಾಕಿ. ಎಂ.ಎ. ಪ್ರಬಂಧಕ್ಕೆ ವಿಷಯ ಇನ್ನೂ ಗೊತ್ತುಮಾಡಿಲ್ಲವಾದರೆ ಮೈಸೂರಿನ ಕಂಪನಿ ನಾಟಕಗಳ ಚರಿತ್ರೆ ತೆಗೆದುಕೊಳ್ಳಿ. ಹಳೆಯ ಕರಪತ್ರ, ಟಿಕೆಟ್, ಫೋಟೊ ಇಟ್ಟುಕೊಂಡಿರುವ ಮನೆಗಳು ನಿಮ್ಮೂರಿನಲ್ಲಿ ಇನ್ನೂ ಇವೆ, ಬೇಗ ಹೋಗಿ.